ಮಹಾವೀರಾಚಾರ್ಯನ ಕಂಠಿಕಾ-ಸಂಖ್ಯೆ

ನವನಗರವನ್ನೊಳಗೊಂಡ ಧಾರವಾಡ ಸೀಮೆಯು ರಾಷ್ಟ್ರಕೂಟರ ಆಳಿಕೆಯಲ್ಲಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸುಮಾರು ಕ್ರಿ. ಶ. ೮೫೦ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಪದ್ಯದಲ್ಲಿ ರಚಿಸಿದನು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರ ಗುಣಾಕಾರ ಭಾಗದಲ್ಲಿ ಕಂಠಿಕೆ, ಅಂದರೆ ಕೊರಳ ಹಾರದಂತೆ ಎಡಬಲಗಳಿಂದ ಒಂದೇ ಬಗೆಯಾಗಿ ತೋರುವ ಗುಣಲಬ್ಧಗಳು ಕೆಲವು ಬರುತ್ತವೆ. ಅವುಗಳಲ್ಲಿ ಒಂದು ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದಾಗ ದೊರೆಯುವ ೧೨೩೪೫೬೫೪೩೨೧. ಇದು ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವದು. ಮಹಾಕ್ಷೋಭದವರೆಗೆ ಇಪ್ಪತ್ತುನಾಲ್ಕು ಸ್ಥಾನಗಳನ್ನು ಹೆಸರಿಸಿದ ಆಚಾರ್ಯನ ಎಣಿಕೆಯಲ್ಲಿ ಇದರ ಮೊದಲಂಕವು ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿ ನಿಲ್ಲುವದು.

ಈ ಸಂಖ್ಯೆಯು ೧೧೧೧೧೧ರ ವರ್ಗ. ಆರು ಒಂದುಗಳ ಸಾಲನ್ನು ಆರು ಸಲ, ಪ್ರತಿಸಲವೂ ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿಸಿದರೆ, ಕಂಬಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು ಒಂದುಗಳು ಬಂದು ನಡುವೆ ಆರಾಗಿ ಮತ್ತೆ ಕಡಿಮೆಯಾಗುವವು. ಎಲ್ಲಿಯೂ ಹತ್ತು ತುಂಬದ ಕಾರಣ ದಶಕ ದಾಟುವದಿಲ್ಲ. ಒಂಬತ್ತು ಒಂದುಗಳವರೆಗೆ ಈ ಅಂದವು ನಿಲ್ಲುವದು. ಹತ್ತಾದೊಡನೆ ವರ್ಗವು ೧೨೩೪೫೬೭೯೦೦೯೮೭೬೫೪೩೨೧ ಆಗಿ ಹಾರವು ಮುರಿಯುವದು.

೧೧೧೧೧೧ ಎಂಬುದು ೧೧೧ ಮತ್ತು ೧೦೦೧ರ ಗುಣಲಬ್ಧ; ಅಂದರೆ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಇವುಗಳಲ್ಲಿ ೩ ಮತ್ತು ೭ ಕೂಡಿ ೨೧. ಉಳಿದ ಮೂರು ಕೂಡಿ ೫೨೯೧. ೪೪೧ ಮೊದಲನೆಯದರ ವರ್ಗ, ೨೭೯೯೪೬೮೧ ಎರಡನೆಯದರ ವರ್ಗ. ಆಚಾರ್ಯನು ಮೊದಲು ಹಾರವನ್ನು ಕಟ್ಟಿ ಬಳಿಕ ಅದನ್ನು ಎರಡಾಗಿ ಬಿಡಿಸಿದನೆಂದು ಊಹಿಸುವದು ಯುಕ್ತ. ಬರಿಯ ವಿನೋದವೆಂದು ಇದನ್ನು ತಳ್ಳಿಹಾಕುವವರು ಈ ಹಿಂಚಲನೆಯನ್ನು ಗಮನಿಸಿದಂತಿಲ್ಲ.

ಇದರಿಂದ ಗ್ರಂಥಸಂಪಾದನೆಗೂ ಒಂದು ಪ್ರಯೋಜನವುಂಟು. ಪದ್ಯದಲ್ಲಿ ಸಂಖ್ಯೆಗಳನ್ನು ಪದಗಳಿಂದ ಸೂಚಿಸುವದು ವಾಡಿಕೆ: ಚಂದ್ರನೆಂದರೆ ಒಂದು, ವೇದವೆಂದರೆ ನಾಲ್ಕು, ಗಿರಿಯೆಂದರೆ ಏಳು. ‘ದಿಕ್’ ಎಂಬುದಾದರೋ ಒಮ್ಮೆ ನಾಲ್ಕು, ಒಮ್ಮೆ ಎಂಟು, ಒಮ್ಮೆ ಹತ್ತು! ಇಂತಹ ಪಾಠವು ತಾಳೆಗರಿಯಲ್ಲಿ ಕೆಡುವದು ಸುಲಭ. ಆದರೆ ಗುಣಲಬ್ಧದ ಆಕಾರವು ತಿಳಿದಿದ್ದರೆ ತಪ್ಪು ತಾನಾಗಿ ಹೊರಬೀಳುವದು. ಲಿಪಿಕಾರನು ೨೭೯೯೪೬೮೧ರ ಬದಲು ೨೭೯೪೯೬೮೧ ಎಂದು ಎರಡಂಕಗಳನ್ನು ಅದಲುಬದಲಾಗಿ ಬರೆದನೆನ್ನೋಣ. ಗುಣಲಬ್ಧವು ೧೨೩೨೫೮೦೯೩೨೧ ಆಗಿ ಹಾರವು ಕಾಣಿಸದು. ಹಾರವನ್ನೇ ೪೪೧ರಿಂದ ಭಾಗಿಸಿದರೆ ಸರಿಯಾದ ಗುಣ್ಯವು ತಿರುಗಿ ದೊರೆಯುವದು.

ಗುಣ್ಯ-ಗುಣಕಗಳೆರಡೂ ಅಳಿದಲ್ಲಿ ಮಾತ್ರ ಈ ಉಪಾಯವು ಸಾಲದು. ಐದು ಅವಿಭಾಜ್ಯಗಳ ವರ್ಗಗಳಿಂದಾದ ಈ ಸಂಖ್ಯೆಗೆ ೨೪೩ ಭಾಜಕಗಳಿದ್ದು, ಇದನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ೧೨೨ ವಿಧಗಳಲ್ಲಿ ಬರೆಯಬಹುದು.