ಅರ್ಬುದರೋಗವೂ ಶರೀರದ ಕಾವಲುಗಾರರ ಆಹಾರವೂ

ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಸುತ್ತಿನ ನಮ್ಮ ಮನೆಗಳಲ್ಲಿ ಒಬ್ಬರಿಗೆ ಅರ್ಬುದರೋಗ, ಅಂದರೆ ಕ್ಯಾನ್ಸರ್, ಉಂಟೆಂದು ತಿಳಿದೊಡನೆ ನೆರೆಹೊರೆಯವರು ಹೇಳುವ ಬುದ್ಧಿವಾದಗಳಲ್ಲಿ ಒಂದು ಇದು: "ರೋಗಿಗೆ ಸಕ್ಕರೆ, ಬೆಲ್ಲ, ಅನ್ನ ಯಾವದನ್ನೂ ಕೊಡಬೇಡಿರಿ, ಸಿಹಿಯೇ ಆ ಗಡ್ಡೆಯ ಆಹಾರವು." ಈ ಮಾತಿನಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಹೆತ್ತವರೂ ಅರಿತಿರುವದು ಅವಶ್ಯವೆಂದು ನಾವು ಎಣಿಸುತ್ತೇವೆ.

ಸತ್ಯಾಂಶವು ಹಳೆಯದು. ೧೯೨೦ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬುರ್ಗ್ ಎಂಬ ವಿದ್ವಾಂಸರು, ಗಡ್ಡೆಯ ಜೀವಕಣಗಳು ಗ್ಲೂಕೋಸ್ ಎಂಬ ಸಕ್ಕರೆಯನ್ನು ಅತಿಯಾಗಿ ಸೆಳೆದುಕೊಳ್ಳುವವೆಂದೂ, ಪ್ರಾಣವಾಯು ಸಾಕಷ್ಟಿದ್ದಾಗ್ಯೂ ಅದನ್ನು ಪೂರ್ಣವಾಗಿ ಉರಿಸದೆ ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುವವೆಂದೂ ಕಂಡುಹಿಡಿದರು. ಮೊಸರಿಗೆ ಹುಳಿಯನ್ನು ಕೊಡುವ ಆಮ್ಲವೇ ಇದು.

ಆದರೆ ಅದೇ ಸಕ್ಕರೆಯನ್ನು ಬೇಡುವವರು ಶರೀರದಲ್ಲಿ ಬೇರೆಯೂ ಇದ್ದಾರೆ. ರಕ್ತದ ಬಿಳಿಯ ಕಣಗಳಲ್ಲಿ ಟಿ-ಕಣಗಳೆಂಬ ಒಂದು ವರ್ಗವುಂಟು. ಕೆಟ್ಟುಹೋದ ಕಣಗಳನ್ನು ಗುರುತಿಸಿ ಕೊಲ್ಲುವ ಕಾವಲುಗಾರರು ಇವುಗಳಲ್ಲಿದ್ದಾರೆ. ಸುಮ್ಮನಿರುವಾಗ ಇವಕ್ಕೆ ಸ್ವಲ್ಪವೇ ಸಾಕು. ಕಾದಾಟಕ್ಕೆ ಹೊರಟಾಗಲಾದರೋ ಇವೂ ಗಡ್ಡೆಯಂತೆಯೇ ಬಹಳ ಗ್ಲೂಕೋಸನ್ನು ಬಳಸುತ್ತವೆ.

ನಮ್ಮ ಅಡಿಕೆಯ ತೋಟವನ್ನು ನೆನೆಯಿರಿ. ಮರದ ಬುಡಕ್ಕೆ ಹಾಕಿದ ಗೊಬ್ಬರವನ್ನು ಕಳೆಯೂ ಹೀರುತ್ತದೆ. ಗಡ್ಡೆಯ ರೀತಿಯೂ ಹಾಗೆಯೇ. ಅದು ಆಹಾರವನ್ನು ಕಸಿಯುವದಲ್ಲದೆ, ಆಮ್ಲವನ್ನು ಸುರಿದು ಸುತ್ತಣ ನೆಲವನ್ನು ಹುಳಿಗೊಳಿಸುತ್ತದೆ. ಅಂಥಲ್ಲಿ ಟಿ-ಕಣಗಳು ಬಳಲುತ್ತವೆ. ಗಡ್ಡೆಯು ಗ್ಲೂಕೋಸನ್ನು ಕಸಿದಾಗ ಟಿ-ಕಣಗಳ ಶಕ್ತಿಯು ಕುಗ್ಗಿ ಗಡ್ಡೆಯು ಬೆಳೆಯುವದೆಂದು ೨೦೧೫ರಲ್ಲಿ ಇಲಿಗಳ ಮೇಲಣ ಪರೀಕ್ಷೆಯಿಂದ ತೋರಿಬಂತು. ಕಾವಲುಗಾರರನ್ನು ತಡೆದಿರುವ ಕಡಿವಾಣವನ್ನು ಸಡಿಲಿಸುವ ಔಷಧಗಳಿಂದ ಅವು ಪುನಃ ಗ್ಲೂಕೋಸನ್ನು ಪಡೆದುದೂ ಅಲ್ಲಿಯೇ ಕಂಡುಬಂತು. ಈ ಬಗೆಯ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೋಂಜೊ ಎಂಬವರಿಗೆ ೨೦೧೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಆದಾಗ್ಯೂ ಸಂಗತಿಯು ಇಷ್ಟು ಸರಳವಲ್ಲ. ೨೦೨೧ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಲ್ಲಿ, ಇಲಿಗಳ ಗಡ್ಡೆಯೊಳಗಿದ್ದ ಕೆಲವು ಬಿಳಿಯ ಕಣಗಳೇ ಅರ್ಬುದದ ಕಣಗಳಿಗಿಂತ ಹೆಚ್ಚು ಗ್ಲೂಕೋಸನ್ನು ಸೆಳೆಯುತ್ತಿದ್ದವು. ಅರ್ಬುದದ ಕಣಗಳು ಪ್ರೋಟೀನಿನ ಅಂಶವಾದ ಗ್ಲುಟಮಿನನ್ನು ಹೆಚ್ಚಾಗಿ ಸೆಳೆಯುತ್ತಿದ್ದವು. ಬಿಳಿಯ ಕಣಗಳಲ್ಲಿಯೂ ಎಲ್ಲವು ನಂಬಿಗಸ್ತವಲ್ಲ. ಕೆಲವು ಗಡ್ಡೆಯ ಸೇವೆಗೆ ಸೇರಿ, ಅದಕ್ಕೆ ಹೊಸ ರಕ್ತನಾಳಗಳು ಹುಟ್ಟುವಂತೆ ಸಹಾಯಮಾಡುತ್ತವೆ.

ಆದುದರಿಂದ ಗಡ್ಡೆಯನ್ನು ಉಪವಾಸದಿಂದ ಕೊಲ್ಲುವೆವೆಂದು ರೋಗಿಯನ್ನು ಉಪವಾಸ ಕೆಡಹುವದು, ಕಳೆಯನ್ನು ಒಣಗಿಸಲಿಕ್ಕೆಂದು ಇಡೀ ತೋಟಕ್ಕೆ ಗೊಬ್ಬರ ನಿಲ್ಲಿಸಿದಂತೆಯೇ. ನಾವು ಉಣ್ಣದಿದ್ದರೂ ಯಕೃತ್ತು ಗ್ಲೂಕೋಸನ್ನು ತಯಾರಿಸುತ್ತಲೇ ಇರುತ್ತದೆ. ಅದಕ್ಕಾಗಿ ಮಾಂಸಖಂಡಗಳೇ ಕರಗುತ್ತವೆ. ಹಾಗೆ ಕೃಶನಾದ ರೋಗಿಯು ಚಿಕಿತ್ಸೆಯನ್ನು ತಾಳಲಾರನು. ಮಧುಮೇಹವುಳ್ಳವರು ವೈದ್ಯರ ಪಥ್ಯವನ್ನು ಪಾಲಿಸತಕ್ಕದ್ದು. ಮಿಕ್ಕವರೂ ವೈದ್ಯರನ್ನು ಕೇಳದೆ ಊಟವನ್ನು ತಗ್ಗಿಸಬಾರದು.

ನಿಜವಾಗಿ ನಿಲ್ಲಿಸತಕ್ಕದ್ದು ಬೇರೊಂದುಂಟು. ಹೊಗೆಸೊಪ್ಪು ಬಾಯಿಯ ಅರ್ಬುದವನ್ನುಂಟುಮಾಡುವದೆಂದು ಎಲ್ಲರೂ ಬಲ್ಲರು. ಹೊಗೆಸೊಪ್ಪು ಸೇರದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿತು. ನಮ್ಮ ಅನೇಕ ಕುಟುಂಬಗಳು ಅಡಿಕೆಯಿಂದಲೇ ಬದುಕುತ್ತಿರುವದರಿಂದ ಇದನ್ನು ಹೇಳುವದು ನಮಗೆ ಸುಲಭವಲ್ಲ, ಆದರೂ ಹೇಳಲೇಬೇಕು. ಬಾಯಲ್ಲಿ ಬಿಳಿಯ ಅಥವಾ ಕೆಂಪು ಕಲೆ, ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿ ಅಗಲವಾಗಿ ತೆರೆಯಲಾಗದಿರುವದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ.

ತಾಯಂದಿರೇ, ರೋಗಿಯ ಮುಂದಿನ ಗಂಜಿಯ ಬಟ್ಟಲನ್ನು ತೆಗೆಯಬೇಡಿರಿ. ಜಗಲಿಯಲ್ಲಿರುವ ಎಲೆಯಡಿಕೆಯ ಹರಿವಾಣವನ್ನು ತೆಗೆದಿಡಿರಿ.