ಸೋಕಿದ ಗಾಳಿ, ಕೆರಳಿದ ಗಾಳಿ

ಮದ್ದೂರು ತಾಲ್ಲೂಕಿನ ಶಿವಪುರದ ಆಸುಪಾಸಿನಲ್ಲಿ ಯಾರಾದರೂ ಬೆಚ್ಚಿಬಿದ್ದು ಮಂಕಾದರೆ 'ಗಾಳಿ ಸೋಕಿದೆ' ಎನ್ನುವ ಹಿರಿಯರುಂಟು. ಸಾವುನೋವಿನಿಂದ ಕುಗ್ಗಿದವರೂ 'ಮನಸ್ಸಿಗೆ ಕಾಯಿಲೆ' ಎನ್ನುವುದು ಅಪರೂಪ. 'ಎದೆ ಡವಡವ ಅನ್ನುತ್ತೆ, ಅನ್ನ ಸೇರೊಲ್ಲ' ಎಂದೇ ಅವರ ಮಾತು ಶುರುವಾಗುತ್ತದೆ.

ಇದೇ ಗಾಳಿಯ ಮಾತು ಮೈಸೂರಿನಾಚೆಯ ಬೈಲಕುಪ್ಪೆಯಲ್ಲೂ ಇದೆ, ಅರ್ಥ ಮಾತ್ರ ಬೇರೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ, 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರು ಇಲ್ಲಿ ಕಾಡು ಸವರಿ ಬೇಸಾಯಕ್ಕೆ ತೊಡಗಿದರು. ಮನೆಮಠ, ಬಂಧುಬಳಗ ಕಳೆದುಕೊಂಡು ಬಂದ ಜನ. ಅವರೊಡನೆ ಅವರ ವೈದ್ಯವಾದ 'ಸೋವಾ ರಿಗ್ಪಾ'ವೂ ಬಂತು. 1916ರಲ್ಲಿ ಲಾಸಾದಲ್ಲಿ ಸ್ಥಾಪನೆಯಾದ ಮೆನ್-ತ್ಸೀ-ಖಾಂಗ್ ಸಂಸ್ಥೆ 1961ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿತು. ಬೈಲಕುಪ್ಪೆಯಲ್ಲೂ ಅದರ ಶಾಖೆಯಿದೆ.

ಈ ವೈದ್ಯದ ಬುಡದಲ್ಲಿ ನಮ್ಮ ವಾತ, ಪಿತ್ತ, ಕಫಗಳೇ ಇವೆ. ವಾಗ್ಭಟನ 'ಅಷ್ಟಾಂಗಹೃದಯ' 11ನೇ ಶತಮಾನದಲ್ಲೇ ಟಿಬೆಟನ್ ಭಾಷೆಗೆ ಹೋಗಿತ್ತು. ನಾಡಿ ನೋಡುವ ಕ್ರಮದಲ್ಲಿ ಚೀನೀ ವೈದ್ಯದ ನೆರಳೂ ಕಾಣುತ್ತದೆ. ವಾತಕ್ಕೆ ಅವರು 'ಲುಂಗ್' ಎನ್ನುತ್ತಾರೆ. ದುಃಖ, ಭಯ, ಸೆರೆವಾಸದ ಹಿಂಸೆಗಳಿಂದ ಎದೆಯಲ್ಲಿನ ಪ್ರಾಣವಾಯು ಕೆರಳುತ್ತದೆ. ನಿದ್ದೆಗೇಡು, ನಡುಕ, ಕಾರಣವಿಲ್ಲದ ಅಳು ಅದರ ಗುರುತುಗಳು ಎಂಬುದು ಅವರ ವಿವರಣೆ. ನಮ್ಮ ಗಾಳಿ ಹೊರಗಿನಿಂದ ಸೋಕುವಂಥದು, ಅವರ ಗಾಳಿ ಒಳಗೇ ಕೆರಳುವಂಥದು. ಜಾಯಿಕಾಯಿ ಮುಂತಾದ ಸಂಬಾರವನ್ನು ಬಟ್ಟೆಯಲ್ಲಿ ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ, ನೆತ್ತಿ, ಕತ್ತಿನ ಬುಡ, ಅಂಗೈಗಳಿಗೆ ಶಾಖ ಕೊಡುವುದು ಒಂದು ಚಿಕಿತ್ಸೆ. ಜಿಡ್ಡಿನ ಬಿಸಿಯೂಟ, ಬೆಚ್ಚನೆಯ ಜಾಗ, ನೆಚ್ಚಿನವರ ಸಂಗವೂ ಔಷಧಗಳೇ.

ಇದರಿಂದ ಆಘಾತ ವಾಸಿಯಾಗುತ್ತದೆಂದು ಹೇಳಲು ಪುರಾವೆ ಸಾಲದು. ಆದರೂ ಸಮಾಜಕಾರ್ಯಕರ್ತರಿಗೆ ಇಲ್ಲೊಂದು ಪಾಠವಿದೆ. 'ನಿಮಗೆ ಖಿನ್ನತೆಯೇ?' ಎಂದರೆ ತಲೆಯಾಡಿಸದ ಅಜ್ಜಿ, 'ಲುಂಗ್ ಜಾಸ್ತಿಯಾಗಿದೆಯೇ?' ಎಂದರೆ ಮಾತಿಗೆ ಕೂರಬಹುದು. ನೊಂದವರ ಮಾತಿನಲ್ಲೇ ನೋವನ್ನು ಕೇಳುವುದು ಆರೈಕೆಯ ಮೊದಲ ಮೆಟ್ಟಿಲು.

ಮೊದಲ ಮೆಟ್ಟಿಲೇ ಕೊನೆಯದಾಗಬಾರದು. ಸಾಯುವ ಯೋಚನೆ ಬಂದವರಿಗೆ ಶಾಖವೂ ಸಾಲದು, ತಾಯತವೂ ಸಾಲದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದಲ್ಲಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಳ್ಳಿಯಿಂದಲೂ ಉಚಿತವಾಗಿ ಕರೆ ಮಾಡಬಹುದು. ಗಾಳಿ ಯಾವುದೇ ಇರಲಿ, ಅದನ್ನು ಹೇಳಿಕೊಳ್ಳಲು ಒಂದು ಕಿವಿ ಬೇಕು.