ಭಾನುವಾರದ ಕಬ್ಬನ್ ಪಾರ್ಕ್, ಗುರುವಾರದ ಬೊಗೊಟಾ

ಬೆಂಗಳೂರಿನ ಮಿನ್ಸ್ಕ್ ಚೌಕದ ಮೆಟ್ರೊ ನಿಲ್ದಾಣದಿಂದ ಮೆಟ್ಟಿಲು ಹತ್ತಿ ಬಂದರೆ ಪಕ್ಕದಲ್ಲೇ ಕಬ್ಬನ್ ಪಾರ್ಕ್. ಭಾನುವಾರವಾದ್ದರಿಂದ ಗೇಟಿಗೆ ಬ್ಯಾರಿಕೇಡ್ ಅಡ್ಡವಿದೆ; ಕಾರು, ಬೈಕು ಒಳಗೆ ಬರುವಂತಿಲ್ಲ. ಒಳಗೆ ಹೋದೊಡನೆ ಕಣ್ಣಿಗೆ ಬೀಳುವುದು ರಸ್ತೆಯ ಅಗಲ. ಇಷ್ಟೊಂದು ಜಾಗವಿತ್ತೇ ಇಲ್ಲಿ! ಡಾಂಬರಿನ ನಟ್ಟನಡುವೆ ಮಕ್ಕಳು ಸ್ಕೇಟಿಂಗ್ ಕಲಿಯುತ್ತಿದ್ದಾರೆ. ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ಹಿಂದೆಮುಂದೆ ನೋಡದೆ ರಸ್ತೆ ದಾಟುತ್ತಾರೆ. ಬ್ಯಾಂಡ್‌ಸ್ಟ್ಯಾಂಡ್ ದಾಟಿ, ಬಿದಿರುಮೆಳೆಗಳ ನೆರಳಲ್ಲಿ ಹಾದು, ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದವರೆಗೆ ಹೀಗೇ ನಿಶ್ಚಿಂತೆಯಿಂದ ನಡೆಯಬಹುದು.

ಹಡ್ಸನ್ ವೃತ್ತದ ಗೇಟು ದಾಟಿದರೆ ಮತ್ತೆ ಹಾರನ್ನು, ಹೊಗೆ. ಸೋಮವಾರ ಬೆಳಿಗ್ಗೆ ವಾಹನಗಳ ಅದೇ ಸಾಲು ಪಾರ್ಕಿನೊಳಗೂ ನುಗ್ಗುತ್ತದೆ. 1870ರಲ್ಲಿ ರೂಪಿಸಿದ ಈ ಉದ್ಯಾನ ಈಗ ಆಫೀಸಿಗೆ ಹೋಗುವವರ ಅಡ್ಡದಾರಿ. ರಜೆಯ ದಿನ ಕಾರು ಬಿಡುವುದು ಸುಲಭ. ಆಫೀಸು, ಶಾಲೆ, ಆಸ್ಪತ್ರೆಗೆ ಹೋಗಲೇಬೇಕಾದ ದಿನ ಬಿಟ್ಟರೆ ತಾನೆ ನಗರದಲ್ಲಿ ಏನಿದೆ, ಏನಿಲ್ಲ ಎನ್ನುವುದು ಗೊತ್ತಾಗುವುದು?

ಕೊಲಂಬಿಯಾದ ರಾಜಧಾನಿ ಬೊಗೊಟಾ ಆ ಧೈರ್ಯ ಮಾಡಿತು. 1974ರಿಂದ ಅಲ್ಲಿ ಭಾನುವಾರಗಳಂದು ಮುಖ್ಯರಸ್ತೆಗಳನ್ನು ಸೈಕಲ್ಲಿಗೂ ಪಾದಚಾರಿಗಳಿಗೂ ಬಿಟ್ಟುಕೊಡುವ ರೂಢಿಯಿತ್ತು. ಮೇಯರ್ ಎನ್ರಿಕೆ ಪೆನ್ಯಲೋಸಾ ಅಷ್ಟಕ್ಕೇ ನಿಲ್ಲದೆ, 2000ದ ಫೆಬ್ರುವರಿಯಲ್ಲಿ ಒಂದು ಗುರುವಾರ ಇಡೀ ನಗರದಲ್ಲಿ ಖಾಸಗಿ ಕಾರುಗಳನ್ನು ನಿಲ್ಲಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜನ ಮತ ಹಾಕಿ, ಪ್ರತಿವರ್ಷ ಫೆಬ್ರುವರಿಯ ಮೊದಲ ಗುರುವಾರ ಹೀಗೇ ಇರಲಿ ಎಂದರು. ಡಿಸೆಂಬರ್‌ನಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥವಿರುವ ಟ್ರಾನ್ಸ್‌ಮಿಲೇನಿಯೊ ಓಡತೊಡಗಿತು. ಕಾರಿಲ್ಲದ ಆ ದಿನದ ಬೆನ್ನಿಗೆ ಬಸ್ಸು, ಸೈಕಲ್ ದಾರಿ, ಅಗಲವಾದ ಕಾಲುದಾರಿಗಳ ಕೆಲಸವೂ ಇದ್ದುದರಿಂದಲೇ ಅದಕ್ಕೊಂದು ತೂಕ ಬಂತು.

ನಾವೂ ಪ್ರಯತ್ನಿಸಿಲ್ಲವೆಂದಲ್ಲ. 2018ರಲ್ಲಿ ತಿಂಗಳಿಗೊಂದು ಭಾನುವಾರ ‘ವಿರಳ ಸಂಚಾರ ದಿನ’ ಎಂದು ಸಾರಿದೆವು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟಿಗೆ ವಾಹನ ಬಿಡಲಿಲ್ಲ. ಎರಡಕ್ಕೂ ಆರಿಸಿಕೊಂಡದ್ದು ರಜೆಯ ದಿನಗಳನ್ನೇ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದ ಕಡೆಗೆ ಬಸ್ಸಿಗೇ ಮೀಸಲಾದ ಪಥ ಮಾಡಿದ್ದು ಇವೆರಡಕ್ಕಿಂತ ದೊಡ್ಡ ಹೆಜ್ಜೆ, ಅದೂ ಉಳಿಯಲಿಲ್ಲ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ನಗರವನ್ನು ಆಳುವವರು ವರ್ಷಕ್ಕೊಂದು ಬುಧವಾರವನ್ನಾದರೂ ಆರಿಸಲಿ. ಆ ದಿನ ಬಸ್ಸುಗಳಿಗೆ ಒಂದು ಪಥ ಬಿಟ್ಟುಕೊಡಲಿ. ಮಾರನೆಯ ದಿನವೂ ಅದನ್ನು ತೆಗೆಯದಿರಲಿ.